ಪುಣೆಯಲ್ಲಿದ್ದುಕೊಂಡು ಟೂರಿಂಗ್ ಕಾರ್ ಪಂದ್ಯಗಳನ್ನು ವರ್ಷವಿಡೀ ನೋಡುವ ಬಗೆ

ಪಿಂಪ್ರಿ, ಚಿಂಚವಾಡ, ಚಾಕಣದ ಕಡೆ ನೆಲೆಸಿರುವ ಕನ್ನಡಿಗರಲ್ಲಿ ಬಹಳಷ್ಟು ಮಂದಿಯ ಅನ್ನ ಹುಟ್ಟುವುದು ಕಾರಿನ ಕಾರ್ಖಾನೆಗಳಿಂದಲೇ. ಹಾಗಿದ್ದರೂ ಕಾರಿನ ಪಂದ್ಯವೆಂದರೆ ನಮ್ಮ ಬಾಯಲ್ಲಿ ಬರುವುದು ಫಾರ್ಮುಲಾ ಒನ್ ಒಂದೇ. ರಸ್ತೆಯಲ್ಲಿ ಓಡಾಡುವ ಸೆಡಾನ್, ಹ್ಯಾಚ್‌ಬ್ಯಾಕ್‌ಗಳ ರೂಪದಲ್ಲೇ ಇದ್ದು, ಬಾಗಿಲಿಗೆ ಬಾಗಿಲು ಉಜ್ಜಿಕೊಂಡು ಓಡುವ ಟೂರಿಂಗ್ ಕಾರುಗಳ ಪಂದ್ಯ ಅದಕ್ಕಿಂತ ರೋಚಕವೆಂಬುದು ನನ್ನ ಅಭಿಪ್ರಾಯ. ಆದರೆ ಅದರ ಸೊಗಸು ಒಂದು ಪಂದ್ಯವನ್ನು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಇಡೀ ಋತುವಿನ, ಅಂದರೆ ಆ ವರ್ಷದ ಪಂದ್ಯಮಾಲೆಯ ಲೆಕ್ಕ ಕೈಯಲ್ಲಿದ್ದರೆ ಮಾತ್ರ ತಿಳಿಯುತ್ತದೆ.

ಮೊದಲು ಒಂದೇ ಒಂದು ಸರಣಿಯನ್ನು ಆರಿಸಿಕೊಳ್ಳಬೇಕು. ನಾನು ಮೊದಲ ವರ್ಷ ನಾಲ್ಕು ಸರಣಿಗಳನ್ನು ಒಟ್ಟಿಗೆ ಹಿಡಿಯಲು ಹೋಗಿ, ಜೂನ್ ಮುಗಿಯುವಷ್ಟರಲ್ಲಿ ಯಾರು ಯಾವ ಕಾರಿನಲ್ಲಿದ್ದಾರೆಂಬುದೇ ಗೊಂದಲವಾಗಿ ಎಲ್ಲವನ್ನೂ ಕೈಬಿಟ್ಟೆ. ಹೊಸಬರಿಗೆ ನಾನು ಸೂಚಿಸುವುದು 1958ರಲ್ಲಿ ಆರಂಭವಾದ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್, ಅಂದರೆ ಬಿಟಿಸಿಸಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹತ್ತು ವಾರಾಂತ್ಯಗಳು, ಪ್ರತಿ ಭಾನುವಾರ ಮೂರು ಚಿಕ್ಕ ಪಂದ್ಯಗಳು ಎಂಬುದು ಬಹುಕಾಲದಿಂದ ನಡೆದುಬಂದ ಕ್ರಮ. ಬೇಸಿಗೆಯಲ್ಲಿ ಬ್ರಿಟನ್ನಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುವುದರಿಂದ ಅಲ್ಲಿಯ ಮಧ್ಯಾಹ್ನ ಹನ್ನೆರಡು ಇಲ್ಲಿಯ ಸಂಜೆ ನಾಲ್ಕೂವರೆಯಾಗುತ್ತದೆ. ಮಧ್ಯಾಹ್ನದ ನಿದ್ದೆ ಮುಗಿಸಿ ಚಹಾ, ಚುರುಮುರಿಯೊಂದಿಗೆ ಕೂರಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅಲ್ಲಿ ಐಟಿವಿ ವಾಹಿನಿ ಪ್ರಸಾರ ಮಾಡುತ್ತದೆ. ನಮ್ಮಲ್ಲಿ ನೋಡಲು ಆ ವರ್ಷ ಯಾವ ದಾರಿಯಿದೆ ಎಂಬುದನ್ನು ಸರಣಿಯ ಅಧಿಕೃತ ಜಾಲತಾಣದಲ್ಲಿ ಮಾರ್ಚ್ ತಿಂಗಳಲ್ಲೇ ನೋಡಿಟ್ಟುಕೊಳ್ಳುವುದು ಕ್ಷೇಮ.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಈ ಪಂದ್ಯಗಳಲ್ಲಿ ಗೆದ್ದವನಿಗೆ ಬಹುಮಾನದ ಜೊತೆಗೆ ಶಿಕ್ಷೆಯೂ ಸಿಗುತ್ತದೆ. ಬಿಟಿಸಿಸಿಯಲ್ಲಿ ಹಿಂದೆ ಅಂಕಪಟ್ಟಿಯ ಮುಂಚೂಣಿಯಲ್ಲಿದ್ದವರ ಕಾರಿಗೆ ಹೆಚ್ಚುವರಿ ಭಾರ ಹೇರುತ್ತಿದ್ದರು. ಕೆಲವು ವರ್ಷ ಅದು 75 ಕೆ.ಜಿ.ವರೆಗೂ ಇತ್ತು, ಅಂದರೆ ಒಬ್ಬ ದಪ್ಪ ಮನುಷ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದಂತೆ. ವಿಜಯಪುರ, ಬಾಗಲಕೋಟೆಯ ಕಡೆ ಎತ್ತುಗಳಿಂದ ಭಾರದ ಬಂಡಿ ಎಳೆಸುವ ತೆರಬಂಡಿ ಸ್ಪರ್ಧೆ ನೋಡಿ ಬೆಳೆದವರಿಗೆ, ಭಾರ ಹೇರಿ ಬಲ ಅಳೆಯುವ ಈ ಮಾತು ವಿಚಿತ್ರವೆನಿಸಲಿಕ್ಕಿಲ್ಲ. 2022ರಲ್ಲಿ ಹೈಬ್ರಿಡ್ ವ್ಯವಸ್ಥೆ ಬಂದಾಗ ಭಾರ ಹೋಗಿ, ಮುಂದಿರುವವನಿಗೆ ವಿದ್ಯುತ್ ಮೋಟಾರಿನ ಹೆಚ್ಚುವರಿ ಬಲವನ್ನು ಕಡಿತಗೊಳಿಸುವ ಪದ್ಧತಿ ಬಂತು. 2025ರಲ್ಲಿ ಹೈಬ್ರಿಡ್ ಕೂಡ ಹೋಗಿ, ಟರ್ಬೋ ಒತ್ತಡವನ್ನು ಕೆಲವು ಸೆಕೆಂಡು ಏರಿಸುವ ಬೂಸ್ಟ್ ಆ ಜಾಗಕ್ಕೆ ಬಂತು. ಉಪಕರಣ ಬದಲಾದರೂ ತತ್ವ ಅದೇ.

ಇದರ ಜೊತೆಗೆ ದಿನದ ಮೂರನೆಯ ಪಂದ್ಯದ ತಿರುಗುಮುರುಗು ಗ್ರಿಡ್ (ಕಾರುಗಳು ಹೊರಡುವ ಸಾಲು) ಇದೆ. ಎರಡನೆಯ ಪಂದ್ಯದಲ್ಲಿ ಮುಂದೆ ಬಂದ ಎಷ್ಟು ಮಂದಿಯ ಸಾಲನ್ನು ತಲೆಕೆಳಗು ಮಾಡಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಹತ್ತು ಎಂದು ಬಂದರೆ ಹತ್ತನೆಯವನು ಮೊದಲ ಸ್ಥಾನದಿಂದ ಹೊರಡುತ್ತಾನೆ, ಗೆದ್ದವನು ಹತ್ತನೆಯ ಸ್ಥಾನಕ್ಕೆ ಹೋಗುತ್ತಾನೆ. ಇದು ಅನ್ಯಾಯವೆಂದು ಮೂಗು ಮುರಿಯುವವರಿದ್ದಾರೆ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಒಂದು ಋತು ಪೂರ್ತಿ ನೋಡಿದ ಮೇಲೆ, ಎರಡನೆಯ ಪಂದ್ಯದ ಕೊನೆಯ ಸುತ್ತಿನಲ್ಲಿ ಹತ್ತನೆಯ ಸ್ಥಾನಕ್ಕೂ ಹನ್ನೊಂದನೆಯ ಸ್ಥಾನಕ್ಕೂ ನಡೆಯುವ ಗುದ್ದಾಟ ಗೆಲುವಿನ ಹೋರಾಟಕ್ಕಿಂತ ತೀವ್ರವಾಗಿರುತ್ತದೆ ಎಂಬುದು ಅರ್ಥವಾಯಿತು. ಕ್ಯಾಮೆರಾ ಮುಂದಿನವನನ್ನು ತೋರಿಸುತ್ತಿದ್ದರೂ ನಿಮ್ಮ ಕಣ್ಣು ಟೈಮಿಂಗ್ ಪರದೆಯ ಮಧ್ಯದ ಸಾಲುಗಳ ಮೇಲಿರಬೇಕು. ಅದಕ್ಕಾಗಿ ಪಕ್ಕದಲ್ಲಿ ಮೊಬೈಲಿನಲ್ಲಿ ಲೈವ್ ಟೈಮಿಂಗ್ ತೆರೆದಿಟ್ಟುಕೊಳ್ಳಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳುವುದೂ ಅಗತ್ಯ. ಹಲವು ವರ್ಷಗಳಿಂದ ಇರುವ ಪದ್ಧತಿಯಂತೆ ಗೆದ್ದವನಿಗೆ 20, ಎರಡನೆಯವನಿಗೆ 17, ಮೂರನೆಯವನಿಗೆ 15, ನಾಲ್ಕನೆಯವನಿಗೆ 13, ಹೀಗೆ ಇಳಿಯುತ್ತ ಹದಿನೈದನೆಯವನಿಗೂ 1 ಅಂಕ ಸಿಗುತ್ತದೆ. ಒಂದು ಭಾನುವಾರ ಒಬ್ಬನು ಮೊದಲ ಪಂದ್ಯ ಗೆದ್ದು, ಎರಡನೆಯದರಲ್ಲಿ ಕಾರು ಕೆಟ್ಟು ನಿಂತು, ಮೂರನೆಯದರಲ್ಲಿ ಎಂಟನೆಯವನಾಗಿ 8 ಅಂಕ ಪಡೆದರೆ ಸ್ಥಾನಗಳ ಲೆಕ್ಕದಲ್ಲಿ ಅವನ ಗಳಿಕೆ 28. ಮೂರೂ ಸಲ ನಾಲ್ಕನೆಯವನಾಗಿ ಬಂದು ಯಾರ ಕಣ್ಣಿಗೂ ಬೀಳದವನ ಗಳಿಕೆ 39. ಇಂಥ ಲೆಕ್ಕವನ್ನು ಕೈಯಾರೆ ಬರೆದರೆ, ಜುಲೈನಲ್ಲಿ ಹಿಂದಿದ್ದವನು ಅಕ್ಟೋಬರ್‌ನಲ್ಲಿ ಚಾಂಪಿಯನ್ ಆದದ್ದು ಹೇಗೆಂಬ ಪ್ರಶ್ನೆಯೇ ಏಳುವುದಿಲ್ಲ.

ಬೆಂಬಲಿಸಲು ಒಬ್ಬ ಚಾಲಕನನ್ನು ಆರಿಸಿಕೊಳ್ಳುವಾಗ ನಾಲ್ಕು ಸಲ ಪ್ರಶಸ್ತಿ ಗೆದ್ದ ಆ್ಯಶ್ ಸಟನ್‌ನಂಥವರ ಬೆನ್ನು ಹತ್ತುವುದು ಸುಲಭ. ಎಂಟರಿಂದ ಹದಿನೈದರ ನಡುವೆ ಓಡುವವನೊಬ್ಬನನ್ನು ಆರಿಸಿಕೊಂಡರೆ ನಿಮಗೆ ಪಂದ್ಯ ಹೆಚ್ಚು ಸಿಗುತ್ತದೆ. ಕಾರಿನ ಸ್ವಭಾವವನ್ನೂ ಗಮನಿಸಿ. ಹಿಂಬದಿ ಚಕ್ರದಿಂದ ಓಡುವ ಬಿಎಂಡಬ್ಲ್ಯೂ ನಿಂತಲ್ಲಿಂದ ಹೊರಡುವಾಗ ಚೆನ್ನಾಗಿ ನೆಗೆಯುತ್ತದೆ. ಮುಂಬದಿ ಚಕ್ರದ ಕಾರುಗಳಲ್ಲಿ ತಿರುಗಿಸುವ ಕೆಲಸವೂ ಎಳೆಯುವ ಕೆಲಸವೂ ಮುಂದಿನ ಟೈರುಗಳದೇ ಆದ್ದರಿಂದ, ಥ್ರಕ್ಸ್‌ಟನ್‌ನಂಥ ಅತಿವೇಗದ ಟ್ರ್ಯಾಕ್‌ನಲ್ಲಿ ಅವು ಬೇಗ ಸವೆಯುತ್ತವೆ.

ಬಿಟಿಸಿಸಿ ಇಲ್ಲದ ವಾರಗಳಲ್ಲಿ ಟಿಸಿಆರ್ ನೋಡಬಹುದು. 2015ರಲ್ಲಿ ಮೊದಲ ಋತು ಕಂಡ ಈ ನಿಯಮಾವಳಿಯ ಎರಡು ಲೀಟರ್ ಟರ್ಬೋ ಕಾರು ಹಲವು ದೇಶಗಳ ಸರಣಿಗಳಲ್ಲಿ ಓಡಬಲ್ಲದು. ಜರ್ಮನಿಯ ಡಿಟಿಎಂ ಹೆಸರಿನಲ್ಲಿ ಟೂರಿಂಗ್ ಕಾರ್ ಇದ್ದರೂ 2021ರಿಂದ ಅಲ್ಲಿ ಓಡುವುದು ಜಿಟಿ3 ಕಾರುಗಳು, ಅಂದರೆ ಸ್ಪೋರ್ಟ್ಸ್ ಕಾರುಗಳ ಪಂದ್ಯದ ರೂಪಗಳು. ಹೆಸರು ನೋಡಿ ಮೋಸಹೋಗಬೇಡಿ. ಅಕ್ಟೋಬರ್‌ನಲ್ಲಿ ಮಾತ್ರ ಒಂದು ಭಾನುವಾರ ಬೇಗ ಏಳಲೇಬೇಕು. ಆಸ್ಟ್ರೇಲಿಯಾದ ಬಾಥರ್ಸ್ಟ್‌ನಲ್ಲಿ 6.213 ಕಿ.ಮೀ.ಯ ಗುಡ್ಡದ ಟ್ರ್ಯಾಕ್ ಮೇಲೆ 161 ಸುತ್ತು, ಸಾವಿರ ಕಿ.ಮೀ. ಓಟ ನಮ್ಮ ಬೆಳಗಿನ ಜಾವದ ಹೊತ್ತಿಗೆ ಶುರುವಾಗಿ ಊಟದ ಹೊತ್ತಿನವರೆಗೆ ನಡೆಯುತ್ತದೆ. ಮನೆಯವರಿಗೆ ಹಿಂದಿನ ದಿನವೇ ಹೇಳಿಟ್ಟಿರಿ.

ಪರದೆಯಲ್ಲಿ ಒಂದು ಋತು ನೋಡಿದ ಮೇಲೆ ಟ್ರ್ಯಾಕ್ ಬದಿಗೆ ಹೋಗಿ ನಿಲ್ಲಬೇಕು. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈನ ಸುಮಾರು 3.7 ಕಿ.ಮೀ. ಟ್ರ್ಯಾಕ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಇಂಡಿಯನ್ ಟೂರಿಂಗ್ ಕಾರ್ಸ್ ವಿಭಾಗದ ಪಂದ್ಯಗಳು ನಡೆಯುತ್ತವೆ. ಪುಣೆಯ ಪಕ್ಕದಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ದಾಟಿ ಆ ಊರಿನ ಮುಂದೆಯೇ ಚೆನ್ನೈಗೆ ಹೋಗುತ್ತದೆ. ಊರಿಗೆ ಹೋಗುವ ರಜೆಗೆ ಪಂದ್ಯದ ದಿನವನ್ನು ಹೊಂದಿಸಿಕೊಂಡರೆ ಒಂದೇ ಪ್ರಯಾಣದಲ್ಲಿ ಎರಡೂ ಆಗುತ್ತದೆ. ವೇಳಾಪಟ್ಟಿ ಬದಲಾಗುವುದುಂಟು, ಆದ್ದರಿಂದ ಹೊರಡುವ ಮೊದಲು ದೇಶದ ಮೋಟಾರ್ ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಪ್ರಕಟಣೆಯನ್ನು ಇನ್ನೊಮ್ಮೆ ನೋಡಿ. ಟೋಪಿ, ಕಿವಿಗೆ ಹತ್ತಿ, ಎರಡು ಬಾಟಲಿ ನೀರು ಜೊತೆಯಲ್ಲಿರಲಿ. ನೇರ ರಸ್ತೆಯ ಬದಿಗಿಂತ, ಕಾರುಗಳು ಬ್ರೇಕ್ ಒತ್ತಿ ಒಂದರ ಒಳಗೊಂದು ನುಗ್ಗುವ ತಿರುವಿನ ಬಳಿ ಜಾಗ ಹಿಡಿಯಿರಿ.