ಕೆಲಸ ಹಠಾತ್ತನೆ ಹೋದರೆ ಮೊದಲು ವಿಮೆ ನೋಡಿಕೊಳ್ಳಿ

ಕೆಲಸ ಹೋದ ಸುದ್ದಿಯನ್ನು ಮನೆಯವರಿಗೆ ಅಂದೇ ಹೇಳಿ. ದಿನವೂ ಕಚೇರಿಗೆ ಹೊರಟವರಂತೆ ಬುತ್ತಿ ಕಟ್ಟಿಕೊಂಡು ಪಾರ್ಕಿನಲ್ಲಿ ಕೂತು ಬರುವವರನ್ನು ಕಂಡಿದ್ದೇನೆ. ಆ ಸಂಕಟ ಯಾರಿಗೂ ಬೇಡ.

ಕಚೇರಿಯ ಇಮೇಲ್ ಮುಚ್ಚುವ ಮುನ್ನ ಸಂಬಳದ ಚೀಟಿಗಳನ್ನೂ ಸಂಬಳದಲ್ಲಿ ಕಡಿತವಾದ ತೆರಿಗೆಯ ಪ್ರಮಾಣಪತ್ರವಾದ ಹಳೆಯ ಫಾರಂ 16ನ್ನೂ ಇಳಿಸಿಕೊಳ್ಳಿ. ಆಮೇಲೆ ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ನಿಲ್ಲುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಪ್ಪ ಅಮ್ಮ ಇದ್ದರಂತೂ ನಾಳೆಗೆ ಬಿಡಲೇಬೇಡಿ. ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಡಿ ಎಂದು ಕೆಲಸ ಬಿಡುವ ಮೊದಲೇ ಬರೆದು ಕೇಳಿ. ಹೊಸ ಪಾಲಿಸಿಯಲ್ಲಿ ಹಳೆಯ ಕಾಯಿಲೆಗಳಿಗೆ ವಿಮೆಯ ಹಣ ಸಿಗದ ಕಾಯುವ ಅವಧಿ ಇರುತ್ತದೆ; ಹೀಗೆ ವರ್ಗಾಯಿಸಿಕೊಂಡರೆ ಅದರಲ್ಲಿ ಈಗಾಗಲೇ ಕಳೆದ ವರ್ಷಗಳು ಲೆಕ್ಕಕ್ಕೆ ಸಿಗುತ್ತವೆ.

ಸಾಲದ ಕಂತು ತಪ್ಪುವ ಮೊದಲೇ ಬ್ಯಾಂಕಿನವರೊಂದಿಗೆ ಮಾತನಾಡಿ. ಭವಿಷ್ಯ ನಿಧಿ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದಿದ್ದರೆ, ಕೊನೆಯ ವಂತಿಗೆಯ ಎರಡು ತಿಂಗಳ ನಂತರ ನೀವೇ ನಮೂದಿಸಬಹುದು.