ಎಳನೀರು ಬೇಡವೆನ್ನಲು ಕಲಿತದ್ದು

ನನ್ನ ಹಾಗೆ ಕಿಡ್ನಿ ಕೆಟ್ಟು, ಯಂತ್ರದಿಂದ ರಕ್ತ ಶುದ್ಧಿ ಮಾಡಿಸುವ ಡಯಾಲಿಸಿಸ್‌ಗಾಗಿ ವಾರಕ್ಕೆ 3 ಬಾರಿ ಸೂಜಿಗೆ ಕೈಚಾಚುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೂಜಿಗಾಗಿ ತೋಳಿನ ರಕ್ತನಾಳ ಜೋಡಿಸಿದ ಫಿಸ್ಟುಲಾ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಹೆಚ್ಚಿನ ನೀರು ತೆಗೆದ ಮೇಲಿನ ತೂಕವಾದ ಡ್ರೈ ವೆಯ್ಟ್, ಇವುಗಳ ಹೆಚ್ಚಿನ ವಿವರಣೆ ನಿಮಗೆ ಬೇಕಿಲ್ಲ. ಕಾಯಿಲೆಯನ್ನು ನಾಲ್ಕು ಜನರ ಮುಂದೆ ನಗುತ್ತ ಹೇಳಿಕೊಂಡ ಬಗೆಯನ್ನಷ್ಟೇ ಹೇಳುತ್ತೇನೆ. "ಊರಿಗೆಲ್ಲ ಡಂಗುರ ಹೊಡೆದರೆ ಮಗಳಿಗೆ ಗಂಡು ಸಿಕ್ಕಿದ ಹಾಗೆಯೇ" ಎಂದು ಹೆಂಡತಿಯೂ, "ನಗೆಪಾಟಲಾಗುತ್ತೀರಿ ಭಾವ" ಎಂದು ಭಾವಮೈದುನನೂ ಎಚ್ಚರಿಸಿದ್ದರು. ಮಗಳ ಮದುವೆ ಕಳೆದ ವೈಶಾಖದಲ್ಲಿ ಮುಗಿಯಿತು; ಆದ್ದರಿಂದ ಈಗ ಧೈರ್ಯವಾಗಿ ಬರೆಯಬಹುದು.

ನಾನು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮೊದಲ 7 ತಿಂಗಳು ಎಲ್ಲವನ್ನೂ ಮುಚ್ಚಿಟ್ಟೆ. ಬೆಳಗಿನ ರೈಲಿನಲ್ಲಿ ತುಮಕೂರಿಗೆ ಹೋಗಿ, ಖಾಸಗಿ ಕೇಂದ್ರದಲ್ಲಿ 4 ಗಂಟೆ ಮಲಗಿ, ತೋಳಿನ ಪಟ್ಟಿ ಕಾಣದಂತೆ ಉದ್ದ ತೋಳಿನ ಅಂಗಿ ತೊಟ್ಟು ಹಿಂದಿರುಗುತ್ತಿದ್ದೆ. ಒಂದು ಸಲಕ್ಕೆ ಸುಮಾರು 1,800 ರೂಪಾಯಿ. ರಕ್ತ ಹೆಚ್ಚಿಸುವ ಇಂಜೆಕ್ಷನ್, ಔಷಧಿ, ಓಡಾಟ ಸೇರಿ ತಿಂಗಳಿಗೆ 28–30 ಸಾವಿರ ಆಗುತ್ತಿತ್ತೆಂದು ನೆನಪು. ಒಟ್ಟು 2 ಲಕ್ಷ ದಾಟಿತು. ಅದರಲ್ಲಿ 80 ಸಾವಿರ, ನೂರಕ್ಕೆ 2 ರೂಪಾಯಿ ಬಡ್ಡಿಯ ಕೈಸಾಲ. ವಾರಕ್ಕೆ 3 ದಿನ ಕಾಣೆಯಾಗುವ ನಾನು ಎದುರು ಮಂಡಿಯವರ ಲೆಕ್ಕವನ್ನೂ ಬರೆಯುತ್ತಿರಬಹುದೆಂದು ಸಾಹುಕಾರರು ಅನುಮಾನಿಸಿದ್ದು ಬೇರೆ.

ಗುಟ್ಟು ಕೈಕೊಟ್ಟದ್ದು ದೊಡ್ಡಪ್ಪನವರ ತೋಟದಲ್ಲಿ. ಅವರು ಗೊನೆ ಇಳಿಸಿ, ತಾವೇ ಕೊಚ್ಚಿ ಎಳನೀರು ಕೈಗಿತ್ತರು. ಬೇಡವೆಂದರೆ ಕಾರಣ ಹೇಳಬೇಕು, ಕಾರಣವೋ ಗುಟ್ಟು, ಹಾಗಾಗಿ ಕುಡಿದೆ. ಎರಡನೆಯದನ್ನೂ ಕುಡಿದೆ. ರಾತ್ರಿ ಕಾಲಿನ ಶಕ್ತಿಯೆಲ್ಲ ಉಡುಗಿತು. ಎಳನೀರಿನ ಪೊಟ್ಯಾಸಿಯಂ ಅನ್ನು ಕೆಟ್ಟ ಕಿಡ್ನಿ ಹೊರಹಾಕದೆ, ರಕ್ತದಲ್ಲಿ ಅದು ಹೃದಯಕ್ಕೇ ಅಪಾಯವಾಗುವಂತೆ 7ರ ಹತ್ತಿರ ಹೋಗಿತ್ತು. ಬಾಡಿಗೆ ಕಾರು, ಇಸಿಜಿ, ಅವೇಳೆಯ ಡಯಾಲಿಸಿಸ್ ಎಲ್ಲ ಸೇರಿ 16 ಸಾವಿರ. ಎರಡು ಎಳನೀರಿಗೆ ಅಷ್ಟು ತೆತ್ತವನು ತಿಪಟೂರು ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಹೇಳಿಬಿಡುವುದೆಂದು ನಿರ್ಧರಿಸಿದೆನಾದರೂ ಮೊದಲ ಪ್ರಯತ್ನಗಳು ನೆಲಕಚ್ಚಿದವು. "ವಾರಕ್ಕೆ 3 ಸಲ ನನ್ನ ಮುಖ ನೋಡಿ ಯಮನಿಗೇ ಬೇಸರ ಬಂದಿದೆ" ಎಂದು ತಾಯಿಯ ಮುಂದೆ ಹೇಳಿದೆ. ಆಕೆ ಎರಡು ದಿನ ಊಟ ಬಿಟ್ಟರು. ಕೇಂದ್ರದಲ್ಲಿ ಪಕ್ಕದ ಹಾಸಿಗೆಯ ಹಿರಿಯರ ಯಂತ್ರ ಪದೇಪದೇ ಕೂಗಿಕೊಂಡಾಗ "ನಿಮ್ಮದು ಸೊಸೆಯಂಥ ಯಂತ್ರ" ಎಂದೆ. ಅವರು ನಕ್ಕರು, ಆದರೆ ಮುಂದಿನ ವಾರ ಆ ಹಾಸಿಗೆಯಲ್ಲಿ ಬೇರೊಬ್ಬರಿದ್ದರು. ಅಂದಿನಿಂದ ನನ್ನ ದೇಹವೊಂದನ್ನು ಬಿಟ್ಟು ಬೇರೆ ಯಾರದನ್ನೂ ಹಾಸ್ಯಕ್ಕೆ ಎಳೆದಿಲ್ಲ.

ಕೊನೆಗೆ ಕೆಲಸಕ್ಕೆ ಬಂದ ಮಾತು ಮಂಡಿಯಲ್ಲೇ ಬಿದ್ದಿತ್ತು. ಕಾಯಿಯನ್ನು ಅಟ್ಟದ ಮೇಲೆ ವರ್ಷದವರೆಗೆ ಇಟ್ಟು, ಒಳಗಿನ ನೀರೆಲ್ಲ ಇಂಗಿ, ಅಲುಗಾಡಿಸಿದರೆ ಗಡಗಡ ಸದ್ದು ಬರುವಾಗಲೇ ಅದು ಉಂಡೆ ಕೊಬ್ಬರಿಯಾಗುವುದು ಎಂಬುದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಒಂದು ದಿನ ಹರಾಜು ಮುಗಿದ ಮೇಲೆ ಅಂಗಿಯ ತೋಳು ಮಡಚಿ, "ಸಾಹುಕಾರರೇ, ನನ್ನ ಎಳನೀರಿನ ಕಾಲ ಮುಗಿದು ಕೊಬ್ಬರಿಯ ಕಾಲ ಬಂದಿದೆ, ನೀರು ಇಂಗಿಸಿದರೆ ಮಾತ್ರ ನನಗೆ ಬೆಲೆ" ಎಂದೆ. ಕ್ಷಣಕಾಲ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಮಾಲಿ ನಕ್ಕ, ಮತ್ತೆ ಎಲ್ಲರೂ ನಕ್ಕರು. ತನ್ನ ತಾಯಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಡಯಾಲಿಸಿಸ್ ಆಗುತ್ತಿದೆಯೆಂದು ಹೇಳಿದವನೂ ಅದೇ ಹಮಾಲಿ. ಒಂದೂವರೆ ತಿಂಗಳು ಕಾದ ಬಳಿಕ ಅಲ್ಲಿ ನನಗೂ ಸರದಿ ಸಿಕ್ಕಿತು. ಖರ್ಚು 5–6 ಸಾವಿರಕ್ಕೆ ಇಳಿಯಿತು. 7 ತಿಂಗಳ ಮೌನಕ್ಕೆ ಎಷ್ಟು ತೆತ್ತೆನೆಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಆಮೇಲೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಡಯಾಲಿಸಿಸ್‌ಗೆ ಮುನ್ನ ಮತ್ತು ನಂತರ ಮಂಡಿಯ ತಕ್ಕಡಿಯ ಮೇಲೆ ನಿಂತು, ಎರಡೂವರೆ ಕಿಲೋ ತೇವಾಂಶ ಕಳೆದದ್ದನ್ನು ತೋರಿಸಿದೆ. ಇದು ಚೆನ್ನಾಗಿ ನಡೆಯಿತು. ಓಣಿಯ ಮಕ್ಕಳಿಗೆ, ರಕ್ತ ಹರಿದು ಗುಂಯ್‌ಗುಡುವ ಫಿಸ್ಟುಲಾ ಮುಟ್ಟಿಸಿ "ಒಳಗೆ ಜೇನುಹುಳು ಸಾಕಿದ್ದೇನೆ" ಎಂದದ್ದು ಮಾತ್ರ ಕೆಟ್ಟಿತು: ಒಬ್ಬ ಹುಡುಗ ರಾತ್ರಿಯಿಡೀ ಅತ್ತನೆಂದು ಅವನಮ್ಮ ಜಗಳಕ್ಕೆ ಬಂದರು.

ಬೀಗರಿಗೆ ಹೇಳಿದ್ದು ನಿಶ್ಚಿತಾರ್ಥಕ್ಕೆ ಮೊದಲು, ಕಾಫಿ ಲೋಟ ಕೈಗೆ ಬರುವ ಮುನ್ನ. ಆಗ ಬಳಸಿದ ಮೊದಲ ವಾಕ್ಯವನ್ನು ಇಲ್ಲಿ ಬರೆಯುವುದಿಲ್ಲ. ಇನ್ನೊಬ್ಬ ಮಗಳಿದ್ದಾಳೆ, ಅದು ಮತ್ತೊಮ್ಮೆ ಬೇಕಾಗುತ್ತದೆ. ಬೀಗರು ನಕ್ಕರು ಎಂಬುದಷ್ಟು ಸಾಕು. ಗುಟ್ಟೇ ಲೇಸೆಂದಿದ್ದ ಭಾವಮೈದುನ ಈಗ ತನ್ನ ಸಕ್ಕರೆ ಕಾಯಿಲೆಯನ್ನು ಹೇಗೆ ಹೇಳಿಕೊಳ್ಳಬೇಕೆಂದು ನನ್ನನ್ನೇ ಕೇಳುತ್ತಾನೆ.

ಒಂದು ದೋಷ ಮಾತ್ರ ಇನ್ನೂ ಉಳಿದಿದೆ. ನನ್ನ ಮಾತು ಊರಿಗೆಲ್ಲ ಹಬ್ಬಿದ್ದರಿಂದ ಎಳನೀರು ತರುವವರು ನಿಂತರು. ಬದಲಾಗಿ, ಮದುವೆಯ ಮರುವಾರ ಬೀಗರು ಪ್ರೀತಿಯಿಂದ ಒಂದು ಚೀಲ ಉಂಡೆ ಕೊಬ್ಬರಿಯನ್ನೇ ಹೊತ್ತು ತಂದರು. ಕೊಬ್ಬರಿಯಲ್ಲೂ ಪೊಟ್ಯಾಸಿಯಂ ಕಡಿಮೆಯಿಲ್ಲ. ಅದನ್ನು ಬೇಡವೆನ್ನುವ ಮಾತಿಗಾಗಿ ಇನ್ನೂ ಹುಡುಕುತ್ತಿದ್ದೇನೆ. ಚೀಲ ಅಟ್ಟದ ಮೇಲಿದೆ.