ಆಡಿನ ಮರಿಗೆ ಸೊಪ್ಪು ಕಟ್ಟುವಾಗ

ಮರಿ ಹುಟ್ಟಿ 15 ದಿನವಾದರೆ ಸಾಕು, ತಾಯಿಯನ್ನು ನೋಡಿ ತಾನೂ ಸೊಪ್ಪಿಗೆ ಬಾಯಿ ಹಾಕುತ್ತದೆ. ಹಾಕಲಿ, ತಡೆಯಬೇಡಿ. ಎಳೆ ಸೊಪ್ಪು ಜಗಿಯುತ್ತಾ ಹೋದಂತೆ ಮೆಲುಕು ಹಾಕುವ ಹೊಟ್ಟೆ ಬಲಿಯುತ್ತದೆ. ಹಾಗಂತ ತಾಯಿಯ ಹಾಲನ್ನೆಲ್ಲ ನೀವೇ ಕರೆದುಕೊಂಡುಬಿಡಬೇಡಿ. 2 ತಿಂಗಳಂತೂ ಹಾಲು ಬೇಕೇ ಬೇಕು, 3 ತಿಂಗಳು ಕುಡಿದರೆ ಇನ್ನೂ ಒಳ್ಳೆಯದು.

ಯಾವ ಸೊಪ್ಪು ಅಂತ ಕೇಳಿದರೆ ನನ್ನ ಮೊದಲ ಮರ್ಯಾದೆ ಚೊಗಚೆಗೆ. ಕೆಲವು ಕಡೆ ಅಗಸೆ ಅಂತಾರೆ. ಎಲೆ ಮೆತ್ತಗಿರುತ್ತದೆ, ಬೆಳವಣಿಗೆಗೆ ಬೇಕಾದ ಪ್ರೋಟೀನ್ ಚೆನ್ನಾಗಿದೆ. ಬದುವಿನ ಮೇಲೆ ಬೀಜ ಹಾಕಿದರೆ ಬೇಗ ಬರುತ್ತದೆ. ಆದರೆ ಪದೇ ಪದೇ ನೆತ್ತಿ ಕಡಿದರೆ ಗಿಡ ಸಾಯುತ್ತದೆ, ಪಕ್ಕದ ರೆಂಬೆ ಮಾತ್ರ ಸವರಿ. ನುಗ್ಗೆ, ಹಿಪ್ಪುನೇರಳೆ ಕೂಡ ಮರಿಗೆ ಹಿಡಿಸುತ್ತವೆ. ಹಿಪ್ಪುನೇರಳೆ ತೋಟಕ್ಕೆ ಔಷಧಿ ಹೊಡೆದಿದ್ದರೆ ಮಾತ್ರ ಆ ಕಡೆ ತಲೆ ಹಾಕಬೇಡಿ. ಹಲಸಿನ ಎಲೆ ಕಂಡರಂತೂ ಆಡುಗಳು ಹಗ್ಗ ಕಿತ್ತುಕೊಂಡು ಬರುತ್ತವೆ!

ಸುಬಾಬುಲ್ ಸುಲಭವಾಗಿ ಸಿಗುತ್ತದೆ, ಎಷ್ಟು ಕಡಿದರೂ ಚಿಗುರುತ್ತದೆ. ಅದಕ್ಕೇ ಜನ ಅದೊಂದನ್ನೇ ಸುಮ್ನೆ ತುಂಬುತ್ತಾರೆ. ಅದರಲ್ಲಿ ಮೈಮೋಸಿನ್ ಅನ್ನುವ ವಿಷದಂಶ ಇದೆ, ಜಾಸ್ತಿಯಾದರೆ ಕೂದಲು ಉದುರುತ್ತದೆ. ಒಟ್ಟು ಮೇವಿನಲ್ಲಿ ಮೂರರಲ್ಲೊಂದು ಪಾಲು ಮೀರದಿರಲಿ. ಗ್ಲಿರಿಸಿಡಿಯಾ ವಾಸನೆಗೆ ಮರಿ ಮೂಗು ಮುರಿಯುತ್ತದೆ. ಬೆಳಿಗ್ಗೆ ಕಡಿದು ನೆರಳಲ್ಲಿ ಬಾಡಿಸಿ ಸಂಜೆ ಕಟ್ಟಿ, ನಿಧಾನವಾಗಿ ರೂಢಿಯಾಗುತ್ತದೆ. ಮಳೆಯಲ್ಲಿ ನೆಂದ ಸೊಪ್ಪನ್ನೂ ನೀರಾರಿಸಿಯೇ ಕೊಡಿ, ಇಲ್ಲದಿದ್ದರೆ ಮರಿ ಉಚ್ಚಿಕೊಳ್ಳುತ್ತದೆ, ಹೊಟ್ಟೆಯೂ ಉಬ್ಬರಿಸಬಹುದು. ಹೊಸ ಸೊಪ್ಪು ಯಾವುದೇ ಇರಲಿ, ಮೊದಲು ಒಂದು ಹಿಡಿ ಸಾಕು.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುವುದನ್ನು ನಂಬಿಕೊಂಡು ಕೂರಬೇಡಿ. ಕಣಗಿಲೆ ಒಂದಿಷ್ಟು ತಿಂದರೂ ಮರಿ ಉಳಿಯುವುದಿಲ್ಲ. ಹರಳು ಗಿಡ, ಲಂಟಾನ, ಎಳೆ ಜೋಳದ ಪೈರು, ಹಸಿ ಮರಗೆಣಸಿನ ಎಲೆ ಇವೆಲ್ಲ ದೂರವಿರಲಿ.

ಸೊಪ್ಪನ್ನು ನೆಲಕ್ಕೆ ಹಾಕುವವರನ್ನು ಕಂಡರೆ ನನಗೆ ತಡೆಯುವುದಿಲ್ಲ. ಆಡು ಕತ್ತೆತ್ತಿ ತಿನ್ನುವ ಪ್ರಾಣಿ, ಅಲ್ವಾ? ರೆಂಬೆ ಸಮೇತ ಕಟ್ಟು ಮಾಡಿ, ಮರಿಯ ಬಾಯಿಗಿಂತ ಸ್ವಲ್ಪ ಮೇಲೆ ತೂಗುಹಾಕಿ. ಕೆಳಗೆ ಬಿದ್ದು ಹಿಕ್ಕೆ, ಗಂಜಲ ತಾಗಿದ ಸೊಪ್ಪನ್ನು ದೊಡ್ಡ ಆಡು ಮೂಸಿ ಬಿಡುತ್ತದೆ. ಮರಿ ತಿಂದುಬಿಡುತ್ತದೆ, ಹೊಟ್ಟೆಗೆ ಜಂತುಹುಳು ಸೇರುತ್ತದೆ. ಪಕ್ಕದಲ್ಲಿ ಶುದ್ಧ ನೀರು ಸದಾ ಇರಲಿ.

ತಿಂಗಳಿಗೊಮ್ಮೆ ಮರಿಯನ್ನು ಚೀಲದಲ್ಲಿ ಕೂರಿಸಿ, ಕೊಕ್ಕೆ ತಕ್ಕಡಿಗೆ ಹಾಕಿ ತೂಕ ನೋಡಿ. ಸೊಪ್ಪು ಚೆನ್ನಾಗಿ ತಿಂದೂ ತೂಕ ಏರದೆ, ಹೊಟ್ಟೆ ಡೊಳ್ಳಾಗಿ ಬೆನ್ನುಮೂಳೆ ಕೈಗೆ ಸಿಗುತ್ತಿದ್ದರೆ ಇನ್ನಷ್ಟು ಸೊಪ್ಪು ಹಾಕಿ ಪ್ರಯೋಜನವಿಲ್ಲ. ನಾಲ್ಕು ಹಿಕ್ಕೆ ಪೊಟ್ಟಣ ಕಟ್ಟಿ ಪಶು ಆಸ್ಪತ್ರೆಗೆ ಒಯ್ಯಿರಿ. ಹುಳು ಯಾವುದೆಂದು ನೋಡಿ, ತೂಕಕ್ಕೆ ತಕ್ಕ ಔಷಧಿ ಕೊಡುತ್ತಾರೆ.